ಕಾಜಾ ಅಕ್ಕನ ಐದನೆಯ ಹೆಜ್ಜೆ

ಕಾಜಾ ಅಕ್ಕನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತು ಆಗಲೇ ಮೂರು ಸಲ ಹಾಳೆ ಹರಿದಿದ್ದೇನೆ. ಮೂರು ಸಲವೂ ಆಕೆಯನ್ನು ಬಾಗಿಲ ಹೊರಗೆ ನಿಲ್ಲಿಸಿ ನನ್ನದೇ ಪುರಾಣ ಬಿಚ್ಚಿಕೊಂಡಿದ್ದೆ. ನನ್ನ ಹೆಂಡತಿ ಕಸದ ಬುಟ್ಟಿಯಿಂದ ಒಂದು ಚೂರು ಎತ್ತಿ ಓದಿ, "ಇದು ಅವರ ಕಥೆಯೋ, ಕೋರ್ಟಿಗೆ ಕೊಡೋ ನಿಮ್ಮ ಜವಾಬೋ?" ಎಂದು ಕೇಳಿದಳು. ಈ ಸಲ ಆಕೆಯಿಂದಲೇ ಶುರು ಮಾಡುತ್ತೇನೆ. ನಾನು ನಡುವೆ ಬರಲೇಬೇಕು, ತಪ್ಪು ನನ್ನದಾದ್ದರಿಂದ.

ಅಂಗಿಯಲ್ಲಿ, ಕೋಟಿನಲ್ಲಿ ಗುಂಡಿ ತೂರುವ ತೂತಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಬಟ್ಟೆಯನ್ನು ಅಳತೆಗೆ ಸರಿಯಾಗಿ ಸೀಳಿ, ಸೀಳಿದ ಅಂಚು ಎಳೆ ಬಿಡದ ಹಾಗೆ ದಾರದಿಂದ ಒತ್ತೊತ್ತಾಗಿ ಸುತ್ತಿ ಹೊಲಿಯಬೇಕು. ಯಂತ್ರದಲ್ಲೂ ಮಾಡುತ್ತಾರೆ. ಆದರೆ ಒಳ್ಳೆಯ ಕೋಟಿಗೆ ಕೈಯಲ್ಲೇ ಆಗಬೇಕು. ಅಕ್ಕ ಹದಿನಾಲ್ಕನೆಯ ವಯಸ್ಸಿನಿಂದ ಮಾಡಿದ್ದು ಅದೊಂದೇ ಕೆಲಸ. ಮೊದಲು ತಂದೆಯ ಅಂಗಡಿಯಲ್ಲಿ, ಆಮೇಲೆ ಅದೇ ಅಂಗಡಿ ತಮ್ಮನ ಕೈಗೆ ಬಂದಾಗ ತಮ್ಮನ ಹತ್ತಿರ. ನಡುವೆ ಆರು ವರ್ಷ ಮದುವೆಯಾಗಿ ಬೇರೆ ಮನೆಯಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಸೂಜಿ ಡಬ್ಬಿ ಹಿಡಿದುಕೊಂಡು ಬಂದು ಅದೇ ಕಿಟಕಿಯ ಪಕ್ಕ, ಅದೇ ಮೊಟಕು ಕಾಲಿನ ಕುರ್ಚಿಯಲ್ಲಿ ಕೂತಳಂತೆ. ತಮ್ಮ ಏನೂ ಕೇಳಲಿಲ್ಲ, ಒಂದು ಕೋಟು ಮುಂದಿಟ್ಟನಂತೆ. ಹೇಳುವಾಗ ಆಕೆಗೆ ಅದೊಂದು ದೊಡ್ಡ ಸಂಗತಿಯೇ ಅಲ್ಲ.

ಬೀದಿಯಲ್ಲಿ ಎಲ್ಲರಿಗೂ ಆಕೆ ಕಾಜಾ ಅಕ್ಕ. ನಿಜವಾದ ಹೆಸರು ಅಂಚೆಯವನಿಗೂ ಗೊತ್ತಿತ್ತೋ ಇಲ್ಲವೋ. ಕುಳ್ಳು, ಗಟ್ಟಿ ಮೈ, ಐವತ್ತೈದರ ಆಸುಪಾಸು. ಎಡಗೈಯ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಹಲಗೆಯ ಹಾಗಾಗಿತ್ತು. ಬಿಸಿ ಟೀ ಲೋಟವನ್ನು ಆ ಒಂದು ಬೆರಳಿನಿಂದ ಒತ್ತಿ ನೋಡಿ, "ಇನ್ನೂ ಕುಡಿಯೋ ಹಾಗಾಗಿಲ್ಲ" ಎನ್ನುತ್ತಿದ್ದಳು. ಮಾತು ಕಡಿಮೆ, ನಗು ಜಾಸ್ತಿ. ಎದುರಿನವರು ಗಟ್ಟಿಯಾಗಿ ಒಂದು ಮಾತು ಹೇಳಿದರೆ ಅದನ್ನು ಒಪ್ಪಿಕೊಂಡುಬಿಡುವ ಸ್ವಭಾವ. ಆ ಸ್ವಭಾವವೇ ಆಕೆಗೆ ಮುಳುವಾಯಿತು.

ಇನ್ನು ನಾನು. ಒಂದು ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿದವನು. ತಪ್ಪು ಹುಡುಕುವುದೇ ನನ್ನ ಅನ್ನ. ಹೋಟೆಲಿಗೆ ಹೋದರೆ ತಿಂಡಿಗಿಂತ ಮೊದಲು ಬೋರ್ಡಿನ ತಪ್ಪು ಓದುತ್ತೇನೆ. ಮದುವೆಯ ಕರೆಯೋಲೆ ಬಂದರೆ ಕೆಂಪು ಪೆನ್ನಿನಿಂದ ತಿದ್ದಿ ಇಟ್ಟುಕೊಳ್ಳುತ್ತೇನೆ. ಹೆಂಡತಿ ಪ್ರಾಣ ತಿನ್ನಬೇಡಿ ಎನ್ನುತ್ತಾಳೆ. ಈ ಕೆಟ್ಟ ಚಟದವನ ಕೈಗೆ ಒಂದು ದಿನ ರದ್ದಿ ಕಾಗದದ ಕಟ್ಟಿನಲ್ಲಿ ಒಂದು ಹಳೆಯ ಪುಸ್ತಕ ಸಿಕ್ಕಿತು. ನೂರು ವರ್ಷಕ್ಕೂ ಹಿಂದಿನದು. ಆ ಕಾಲದಲ್ಲಿ ಮನೆಗಳಲ್ಲಿ, ಸಮಾರಂಭಗಳಲ್ಲಿ ಜನ ಸಾಲುಕಟ್ಟಿ ಕುಣಿಯುತ್ತಿದ್ದ ಹನ್ನೆರಡು ಕುಣಿತಗಳನ್ನು ಯಾರೋ ಒಬ್ಬ ಮೇಷ್ಟ್ರು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟಿದ್ದ. ಹಾಡಿನ ಸ್ವರವೂ ಇತ್ತು. ಹಿಂದಿನ ರಟ್ಟು ಕಿತ್ತುಹೋಗಿತ್ತು, ಅದರ ಜೊತೆ ಕೊನೆಯ ಒಂದೆರಡು ಹಾಳೆಯೂ. ಹನ್ನೆರಡು ಕುಣಿತವೂ ಪೂರ್ತಿ ಇದ್ದವಲ್ಲ, ನಾನು ಹೋದ ಹಾಳೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ರಟ್ಟು ಅಂಟಿಸಿದೆ.

ನಿವೃತ್ತನಾದ ಮೇಲೆ ಆ ಪುಸ್ತಕ ಹಿಡಿದುಕೊಂಡು ಒಂದು ತರಗತಿ ಶುರು ಮಾಡಿದೆ. ಮರದ ಸಾಮಾನಿನ ಗೋದಾಮಿನ ಮೇಲೊಂದು ಉದ್ದನೆಯ ಕೋಣೆ ಖಾಲಿ ಬಿದ್ದಿತ್ತು. ಹಲಗೆಯ ನೆಲ, ಒಂದು ಪಕ್ಕ ಏಳು ಕಿಟಕಿ, ಗೋಡೆಗೆ ಒರಗಿಸಿದ ಮೂರು ಕಾಲಿನ ಕುರ್ಚಿಗಳು. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಸೇರುತ್ತಿದ್ದೆವು. ಮೊದಲು ನಾನು, ನನ್ನ ಹೆಂಡತಿ, ಪಿಟೀಲು ನುಡಿಸಲು ಆಕೆಯ ಅಣ್ಣ. ನಾನೂ ಅವರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಆಮೇಲೆ ಗಡಿಯಾರ ರಿಪೇರಿಯವರು, ದಾದಿಯರಿಬ್ಬರು, ಬಸ್ ಡಿಪೋದ ಗುಮಾಸ್ತರು, ಹೀಗೆ ಹದಿನಾರು ಜನರಾದೆವು. ಮೊದಮೊದಲು ಜನ ನಕ್ಕರು. "ಈ ವಯಸ್ಸಿನಲ್ಲಿ ಮೇಷ್ಟ್ರಿಗೆ ಕುಣಿಯೋ ಕಾಲ ಬಂತು" ಎಂದರು. ತಪ್ಪು ತಿದ್ದುವ ಚಟಕ್ಕೆ ಬೀದಿಯವರು ನನ್ನನ್ನು ಮೇಷ್ಟ್ರು ಎಂದೇ ಕರೆಯುವುದು. ಆದರೆ ಕಾಲು ಒಂದು ಸಲ ಕೂಡಿಕೊಂಡ ಮೇಲೆ, ನೂರು ವರ್ಷದ ಹಿಂದಿನವರು ಇಟ್ಟ ಹೆಜ್ಜೆಯನ್ನೇ ನಾವೂ ಇಡುತ್ತಿದ್ದೇವೆ ಎನ್ನಿಸಿದಾಗ ಆಗುವ ಸಂತೋಷ ಇದೆಯಲ್ಲ, ಅದನ್ನು ಕಂಡವರೇ ಬಲ್ಲರು. ಒಂದು ವರ್ಷವಾದ ಮೇಲೆ ಆ ಕಾಲದ ಉಡುಪಿನಲ್ಲೇ ಒಂದು ದಿನ ಎಲ್ಲರೆದುರು ಕುಣಿಯೋಣ ಎಂದುಕೊಂಡೆವು. ಆ ಕಾಲದ ಉದ್ದ ಕೋಟಿಗೆ ಒಂದೊಂದಕ್ಕೆ ಹದಿನಾಲ್ಕು ಗುಂಡಿ. ಕಾಜಾ ಅಕ್ಕ ನಮ್ಮ ಮೆಟ್ಟಿಲು ಹತ್ತಿದ್ದು ಹಾಗೆ.

ಕೋಟುಗಳ ರಾಶಿ ಇಟ್ಟುಕೊಂಡು ಎರಡನೆಯ ಕಿಟಕಿಯ ಕೆಳಗೆ ಕೂತಿದ್ದಳು. ನಾವು ಬಾಗಿಲ ಕುಣಿತ ಅಭ್ಯಾಸ ಮಾಡುತ್ತಿದ್ದೆವು. ಎರಡು ಸಾಲು, ಎದುರುಬದುರು. ಮುಂದಿನ ಜೋಡಿ ಕೈಕೈ ಹಿಡಿದು ಮೇಲೆತ್ತಿದರೆ ಅದೇ ಬಾಗಿಲು. ಹಿಂದಿನವರು ಜೋಡಿಜೋಡಿಯಾಗಿ ಬಂದು ಅದರ ಕೆಳಗೆ ತೂರಿ ದಾಟಿ, ಮುಂದೆ ಹೋಗಿ ತಾವೇ ಬಾಗಿಲಾಗಬೇಕು. ನೋಡುತ್ತೇನೆ, ಅಕ್ಕನ ಕೈಯಲ್ಲಿ ಸೂಜಿ ಓಡುತ್ತಿದೆ, ಕುರ್ಚಿಯ ಕೆಳಗೆ ಕಾಲೂ ಓಡುತ್ತಿದೆ.

"ಅಕ್ಕ, ಕುಣೀತೀರಾ?" ಎಂದೆ, ತಮಾಷೆಗೆ.

"ಅಯ್ಯೋ, ನಾನೆಲ್ಲಿ. ಇದು ನಮ್ಮಜ್ಜಿ ಕುಣೀತಿದ್ದಿದ್ದು."

ನನಗೆ ಮೈ ಜುಂ ಎಂದಿತು. ಪುಸ್ತಕದಲ್ಲಿ ಸತ್ತು ಮಲಗಿದೆ ಎಂದುಕೊಂಡಿದ್ದ ಕುಣಿತ ಒಬ್ಬರ ಕಾಲಿನಲ್ಲಿ ಇನ್ನೂ ಇದೆ. ಅಡುಗೆಮನೆಯಲ್ಲಿ ನೀರು ಕಾಯುವ ತನಕ ಅಜ್ಜಿ ಆಕೆಗೆ ಕಲಿಸುತ್ತಿದ್ದಳಂತೆ. ಆಗ ಆಕೆಗೆ ಒಂಬತ್ತು ವರ್ಷ. ಅಜ್ಜಿ ಒಂದು ಕೈಯಿಂದ ಮೇಜಿನ ಅಂಚು ಹಿಡಿದುಕೊಂಡು, ಇನ್ನೊಂದು ಕೈ ಇವಳಿಗೆ ಕೊಟ್ಟು, ಬಾಯಲ್ಲೇ ರಾಗ ಹೇಳುತ್ತಾ ಕುಣಿಯುತ್ತಿದ್ದಳು. ಬಾಗಿಲು ಮಾಡಲು ಇನ್ನೊಂದು ಜೋಡಿ ಬೇಕಲ್ಲ, ಅದಕ್ಕೆ ಎರಡು ಕುರ್ಚಿಯ ಮೇಲೆ ಪೊರಕೆ ಅಡ್ಡ ಇಟ್ಟು ಅದರ ಕೆಳಗೆ ತೂರುತ್ತಿದ್ದರಂತೆ. ಎರಡು ಚಳಿಗಾಲ ಹೀಗೆ ನಡೆದು ಅಜ್ಜಿ ಹೋದಳು. ಆಮೇಲೆ ಅಕ್ಕ ಯಾರ ಜೊತೆಯೂ ಕುಣಿದವಳಲ್ಲ. "ಒಬ್ಳೇ ಇರೋವಾಗ ಒಲೆ ಮುಂದೆ ಒಂದು ಸುತ್ತು ಹಾಕ್ತಿದ್ದೆ, ಮರೀಬಾರ್ದು ಅಂತ" ಎಂದಳು. ನಲವತ್ತೈದು ವರ್ಷ ಹಾಗೆ ಕಾಪಾಡಿಕೊಂಡು ಬಂದಿದ್ದಳು ಎಂಬುದು ನನ್ನ ತಲೆಗೆ ಆಗ ಹೋಗಲೇ ಇಲ್ಲ.

ಮುಂದಿನ ಶನಿವಾರ ಆಕೆಯನ್ನು ಸಾಲಿನಲ್ಲಿ ನಿಲ್ಲಿಸಿದೆ. ಮೊದಲ ಸುತ್ತು ಹೂವಿನ ಹಾಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯ ಸುತ್ತಿನಲ್ಲಿ ಬಾಗಿಲು ದಾಟಬೇಕು. ನಾಲ್ಕು ಹೆಜ್ಜೆ ಇಟ್ಟು ದಾಟತಕ್ಕದ್ದು ಎಂದು ಪುಸ್ತಕ ಹೇಳುತ್ತದೆ. ಅಕ್ಕ ನಾಲ್ಕು ಇಟ್ಟಳು, ಬಾಗಿಲ ಬಾಯಲ್ಲಿ ಏನೋ ಒಂದು ಮಾಡಿದಳು, ಆಮೇಲೆ ದಾಟಿದಳು. ಅಷ್ಟರಲ್ಲಿ ಹಿಂದಿದ್ದ ಗಡಿಯಾರ ರಿಪೇರಿಯವರು ಬಂದು ಆಕೆಯ ಬೆನ್ನಿಗೆ ಡಿಕ್ಕಿ ಹೊಡೆದರು. ಸಾಲು ಪೂರ್ತಿ ಕಲಸಿಹೋಯಿತು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು.

ಆ "ಏನೋ ಒಂದು" ಏನು ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಾನು ಅದನ್ನು ನೋಡಲೇ ಇಲ್ಲ. ತಡವಾಗಿದ್ದನ್ನು ಮಾತ್ರ ನೋಡಿದೆ. ಪ್ರೂಫ್ ನೋಡುವವನ ಕಣ್ಣು ಅದು. ತಪ್ಪು ಎಲ್ಲಿದೆ ಎಂದು ಕಂಡರೆ ಸಾಕು, ಅಲ್ಲಿ ಏನು ಬರೆದಿದೆ ಎಂದು ಓದುವ ಗೋಜಿಗೆ ಹೋಗುವುದಿಲ್ಲ.

ಭಾವ ಪಿಟೀಲು ಕೆಳಗಿಳಿಸಿ, "ಭಾವ, ನಾನು ಮೊದಲಿಂದ ಹೇಳ್ತಾನೇ ಇದ್ದೀನಿ. ಇದೇ ಜಾಗದಲ್ಲಿ ರಾಗದಲ್ಲೂ ಒಂದು ಎಣಿಕೆ ಮಿಗುತ್ತೆ. ನೀವು ಬಿಟ್ಟು ನುಡಿಸಿ ಅಂದ್ರಿ ಅಂತ ಬಿಟ್ಟಿದ್ದೀನಿ" ಎಂದರು.

"ಅಚ್ಚಿಗೆ ಸ್ವರ ಜೋಡಿಸಿದವನ ಕೈತಪ್ಪು ಅದು. ಹೆಜ್ಜೆ ನಾಲ್ಕು ಅಂತ ಅಕ್ಷರದಲ್ಲೇ ಬರೆದಿದೆಯಲ್ಲ" ಎಂದು ಅವರ ಬಾಯಿ ಮುಚ್ಚಿಸಿದೆ. ನನ್ನ ಹೆಂಡತಿ, "ಆಕೆ ಮಾಡಿದ್ದು ಚೆನ್ನಾಗಿ ಕಾಣ್ತಿತ್ತು ಕಣ್ರೀ" ಎಂದಳು. ಚೆಂದ ಬೇರೆ, ಸರಿ ಬೇರೆ ಎಂದು ಆಕೆಗೂ ಒಂದು ಪಾಠ ಹೇಳಿದೆ. ಶಾಸ್ತ್ರ ಹೇಳುವುದಕ್ಕೆ ನನ್ನ ಬಿಟ್ಟರೆ ಇಲ್ಲ.

ಆವತ್ತಿನಿಂದ ತಿದ್ದಲು ಕೂತೆ. ಎಷ್ಟು ಶ್ರದ್ಧೆಯಿಂದ ತಿದ್ದಿದೆ ಎಂದು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಚೌಕ ಬರೆದೆ. ಗಟ್ಟಿಯಾಗಿ ಎಣಿಸುತ್ತಾ ಕುಣಿಯಲು ಹೇಳಿದೆ. ನಾಲ್ಕಾದ ಮೇಲೆ ಆಕೆಯ ಕಾಲು ತಡೆದ ಕೂಡಲೇ ಚಪ್ಪಾಳೆ ತಟ್ಟಿ ನಿಲ್ಲಿಸಿ, ಗಾಳಿಯಲ್ಲಿ ಬೆರಳಾಡಿಸಿ ತೆಗೆದುಹಾಕುವ ಗುರುತು ಬರೆಯುತ್ತಿದ್ದೆ. ಅಚ್ಚುಕೂಟದಲ್ಲಿ ಬೇಡದ ಅಕ್ಷರದ ಮೇಲೆ ಹಾಕುವ ಸುರುಳಿ ಗುರುತು. ತರಗತಿಯವರಿಗೆಲ್ಲ ಅದು ನಗೆಚಾಟಿಕೆಯಾಗಿ, ಅಕ್ಕ ತಡವರಿಸಿದರೆ ಸಾಲಿನಲ್ಲಿದ್ದವರೂ ಬೆರಳಿನಿಂದ ಸುರುಳಿ ಸುತ್ತುತ್ತಿದ್ದರು. ಆಕೆಯೂ ತಾನೇ ಸುತ್ತಿಕೊಳ್ಳುತ್ತಿದ್ದಳು. ಗಡಿಯಾರದವರು ಒಂದು ದಿನ, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ, ನಮ್ಮಕ್ಕ ನೆಲಕ್ಕೂ ಏನೂ ಅನ್ನಲ್ಲ ಪಾಪ" ಎಂದರು.

ಏನೂ ಅನ್ನಲಿಲ್ಲ ಎಂದಲ್ಲ. ಒಂದೇ ಒಂದು ಸಲ ಅಂದಳು. ತರಗತಿ ಮುಗಿದು ಎಲ್ಲರೂ ಇಳಿದುಹೋಗಿದ್ದರು. ನಾನು ಬೀಗ ಹಾಕುತ್ತಿದ್ದೆ. ಆಕೆ ಎರಡು ಮೆಟ್ಟಿಲು ಕೆಳಗೆ ನಿಂತಿದ್ದಳು.

"ಮೇಷ್ಟ್ರೇ, ಒಂದು ಮಾತು. ಅಜ್ಜಿ ಅಲ್ಲಿ ನಿಲ್ತಿದ್ಲು. ನಂಗೆ ಚೆನ್ನಾಗಿ ನೆನಪಿದೆ. ಬಾಗ್ಲಿಗೆ ಬಂದಾಗ ನಿಂತು ಹಿಂಗ್ ಮಾಡಿ ಆಮೇಲೆ ಹೋಗ್ತಿದ್ಲು."

"ಹಿಂಗ್" ಎಂದಾಗ ಆಕೆ ಮೆಟ್ಟಿಲ ಮೇಲೆಯೇ ಅದನ್ನು ಮಾಡಿ ತೋರಿಸಿದಳು. ನಾನು ಬೀಗದ ಕಡೆ ನೋಡುತ್ತಿದ್ದೆ.

"ಅಕ್ಕ, ಅಜ್ಜಿಗೆ ಆಗ ಎಷ್ಟು ವಯಸ್ಸು?"

"ಎಪ್ಪತ್ತು ದಾಟಿತ್ತು."

"ಮಂಡಿನೋವಿತ್ತಾ?"

"ಆ ವಯಸ್ಸಲ್ಲಿ ಯಾರಿಗಿರಲ್ಲ? ಮೆಟ್ಲು ಹತ್ತೋವಾಗ ಉಸ್ಸಪ್ಪಾ ಅಂತಿದ್ಲು."

"ನೋಡಿ, ಅಲ್ಲೇ ಇದೆ ವಿಷಯ. ಬಾಗಿಲು ದಾಟೋವಾಗ ಬಗ್ಗಬೇಕಲ್ಲ. ಮಂಡಿ ಹಿಡ್ಕೊಂಡಿರುತ್ತೆ, ಅದಕ್ಕೇ ನಿಂತಿರ್ತಾರೆ. ಮೇಜು ಹಿಡ್ಕೊಂಡು ಕುಣೀತಿದ್ರು ಅಂತ ನೀವೇ ಹೇಳಿದ್ರಲ್ಲ. ನೀವು ಚಿಕ್ಕವರು. ಅಜ್ಜಿ ಮಾಡಿದ್ದೆಲ್ಲ ಕುಣಿತ ಅಂದ್ಕೊಂಡ್ರಿ."

ಎಷ್ಟು ಚೆನ್ನಾಗಿ ವಾದ ಮಾಡಿದೆ ನೋಡಿ. ವಕೀಲನಾಗಬೇಕಿತ್ತು ನಾನು. ಅಕ್ಕ ಸ್ವಲ್ಪ ಹೊತ್ತು ತನ್ನ ಪಾದಗಳನ್ನೇ ನೋಡಿಕೊಂಡಳು.

"ಇದ್ರೂ ಇರಬಹುದು" ಎಂದಳು. "ಕುಂಟಿದ್ದನ್ನೇ ಕುಣಿತ ಅಂತ ಕಲ್ತ್‌ಬಿಟ್ಟೆ ಅನ್ಸುತ್ತೆ. ದಡ್ಡಿ." ಎಂದು ನಕ್ಕಳು. ನಾನೂ ನಕ್ಕೆ. ಇಬ್ಬರೂ ನಗುತ್ತಲೇ ಮೆಟ್ಟಿಲಿಳಿದೆವು. ಆವತ್ತು ಇಳಿದ ಮೆಟ್ಟಿಲನ್ನು ವಾಪಸು ಹತ್ತಲು ಆಗುವ ಹಾಗಿದ್ದರೆ ನನ್ನ ಮೂವತ್ತೊಂದು ವರ್ಷದ ಚಾಕರಿಯನ್ನು ಬದಲಿಗೆ ಕೊಟ್ಟೇನು.

ಅಲ್ಲಿಂದ ಆಕೆ ತಾನೇ ಹಟ ಹಿಡಿದು ತಿದ್ದಿಕೊಂಡಳು. ತಮ್ಮನ ಅಂಗಡಿಯಲ್ಲಿ ಊಟದ ಹೊತ್ತಿಗೆ ಬಟ್ಟೆಗೆ ಗುರುತು ಹಾಕುವ ಬಳಪದಿಂದ ನೆಲದ ಮೇಲೆ ನಾಲ್ಕು ಚೌಕ ಬರೆದು ಅಭ್ಯಾಸ ಮಾಡುತ್ತಿದ್ದಳಂತೆ. "ಹೊಲಿಗೆ ಬಿಚ್ಚೋದು ನಂಗೇನು ಹೊಸದಾ ಮೇಷ್ಟ್ರೇ? ಹಾಕೋದಕ್ಕಿಂತ ಬಿಚ್ಚೋದ್ರಲ್ಲೇ ತಾಳ್ಮೆ ಬೇಕು" ಎನ್ನುತ್ತಿದ್ದಳು. ಐದಾರು ತಿಂಗಳು ಹಿಡಿಯಿತು. ಒಂದು ಶನಿವಾರ ಮೂರನೆಯ ಸುತ್ತು ಬಂತು, ಎಲ್ಲರೂ ಬೆರಳು ಸುತ್ತಲು ತಯಾರಾಗಿದ್ದರು, ಅಕ್ಕ ಒಂದು ಎರಡು ಮೂರು ನಾಲ್ಕು ಎಂದು ನೀರು ಹರಿದ ಹಾಗೆ ದಾಟಿಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಹಾಗೆ ಕಲಿಸುವವರು ಯಾರಿದ್ದಾರೆ ಎಂದುಕೊಂಡೆ.

ಮರುವರ್ಷದ ಸಮಾರಂಭಕ್ಕೆ ಆಕೆಯೇ ಮೊದಲ ಸಾಲಿನ ಮೊದಲನೆಯವಳು. ತಾನೇ ಹೊಲಿದುಕೊಂಡ ಕಡುನೀಲಿ ಉಡುಪು, ಕುತ್ತಿಗೆಯಿಂದ ಸೊಂಟದವರೆಗೆ ಇಪ್ಪತ್ತೆರಡು ಗುಂಡಿ. ಏಳು ಕಿಟಕಿಯನ್ನೂ ತೆರೆದಿದ್ದೆವು. ನೂರಿಪ್ಪತ್ತು ಜನ ಬಂದಿದ್ದರು, ತಮ್ಮನ ಅಂಗಡಿಯವರೆಲ್ಲ ಹಿಂದೆ ಸಾಲಾಗಿ ನಿಂತಿದ್ದರು. ಕುಣಿತ ಮುಗಿದ ಮೇಲೆ ನಾನು ಮುಂದೆ ಹೋಗಿ, "ಈ ಅಕ್ಕ ಬಂದಾಗ ಇವರ ಕಾಲಲ್ಲಿ ಒಂದು ತಪ್ಪಿತ್ತು. ಈಗ ಒಂದೇ ಒಂದು ತಪ್ಪಿಲ್ಲ" ಎಂದು ಹೇಳಿದೆ. ಆಕೆ ಹೆಮ್ಮೆಯಿಂದ ತಲೆ ಬಗ್ಗಿಸಿದಳು.

ನೋಡಲು ಬಂದವರಲ್ಲಿ ಒಬ್ಬ ಪುಸ್ತಕಕ್ಕೆ ರಟ್ಟು ಕಟ್ಟುವವನಿದ್ದ. ಕೈಗೆ ಅಂಟಿನ ವಾಸನೆ. ಬಂದು, "ಈ ಕುಣಿತದ ಪುಸ್ತಕ ನನ್ನ ಹತ್ರಾನೂ ಒಂದಿದೆ ಸಾರ್. ಯಾರೋ ಕಟ್ಟೋಕೆ ಕೊಟ್ಟು ವಾಪಸ್ ಬರಲೇ ಇಲ್ಲ. ನಿಮಗೆ ಉಪಯೋಗ ಆಗೋದಾದ್ರೆ ತಂದುಕೊಡ್ತೀನಿ" ಎಂದ. ನಾಲ್ಕು ದಿನಕ್ಕೆ ಮನೆಗೇ ತಂದುಕೊಟ್ಟ. ರಟ್ಟು ಗಟ್ಟಿಯಿತ್ತು. ನಾನು ಅಭ್ಯಾಸಬಲದಿಂದ ಕೊನೆಯಿಂದ ತೆರೆದೆ.

ಕೊನೆಯ ಪುಟಕ್ಕೆ ಒಂದು ಕಿರಿದಾದ ಚೀಟಿ ಅಂಟಿಸಿತ್ತು. ಮೇಲೆ "ತಪ್ಪು ಒಪ್ಪು" ಎಂದು ತಲೆಬರಹ.

ಅಚ್ಚಾದ ಮೇಲೆ ಕಣ್ಣಿಗೆ ಬಿದ್ದ ತಪ್ಪುಗಳನ್ನು ಪಟ್ಟಿ ಮಾಡಿ ಪುಸ್ತಕದ ಕೊನೆಗೆ ಅಂಟಿಸುವುದು ಹಳೆಯ ಪದ್ಧತಿ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಕೈಯಾರೆ ಅಂಥವು ಇನ್ನೂರಾದರೂ ತಯಾರಾಗಿವೆ. ಕಿತ್ತುಹೋದ ಕೊನೆಯ ಹಾಳೆ ಎಂದ ಕೂಡಲೇ ಲೋಕದಲ್ಲಿ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು. ದೀಪದ ಬುಡದಲ್ಲೇ ಕತ್ತಲೆ. ಚೀಟಿಯಲ್ಲಿ ಆರು ಸಾಲು. ಐದು ಅಕ್ಷರದೋಷಗಳು. ಆರನೆಯದು ಹೀಗಿತ್ತು: "ಪುಟ ೪೧, ಬಾಗಿಲ ಕುಣಿತ, ಮೂರನೆಯ ಸುತ್ತು: ನಾಲ್ಕು ಹೆಜ್ಜೆ ಎಂಬಲ್ಲಿ ಐದು ಹೆಜ್ಜೆ ಎಂದು ಓದತಕ್ಕದ್ದು. ಐದನೆಯದು ಬರಹಕ್ಕೆ ಬಗ್ಗುವಂಥದಲ್ಲ. ಬಲ್ಲ ಹೆಂಗಸರನ್ನು ಕೇಳಿ ಕಲಿಯತಕ್ಕದ್ದು."

ನಾನು ಅದನ್ನು ಎಷ್ಟು ಸಲ ಓದಿದೆನೋ. ಮೊದಲು ಬಂದದ್ದು ದುಃಖವಲ್ಲ, ಭಯ. ಗೊತ್ತಾದರೆ ಜನ ಏನೆಂದಾರು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ. ಪುಸ್ತಕವನ್ನು ಬೀರುವಿನಲ್ಲಿ ಬಟ್ಟೆಗಳ ಹಿಂದೆ ಇಟ್ಟೆ. ಏಳು ಶನಿವಾರ ಸುಮ್ಮನಿದ್ದೆ. ತರಗತಿಯಲ್ಲಿ ಅಕ್ಕನ ಕಾಲನ್ನೇ ನೋಡುತ್ತಾ ನಿಲ್ಲುತ್ತಿದ್ದೆ, ಎಲ್ಲಾದರೂ ಒಂದು ಗಳಿಗೆ ಹಳೆಯದು ಜಾರಿ ಹೊರಗೆ ಬಂದೀತೇ ಎಂದು. ಬರಲಿಲ್ಲ. ಆಕೆಯ ಹೆಜ್ಜೆ ಅಚ್ಚಿನಲ್ಲಿ ಹೊಡೆದ ಹಾಗೆ ನಾಲ್ಕೇ. ಭಾವನನ್ನು ಕೇಳಿದರೆ, "ನಾನು ಕಮಾನು ನೋಡ್ಲಾ, ಕಾಲು ನೋಡ್ಲಾ?" ಎಂದರು. ಹೆಂಡತಿಯನ್ನು ಕೇಳಿದರೆ, "ಏನೋ ಹಿಂದಕ್ಕೆ ತಿರುಗೋ ಹಾಗೆ ಮಾಡಿ, ಭುಜ ಹಿಂಗೆ... ಊಹೂಂ, ಹಿಂಗಲ್ಲ" ಎಂದು ಕೋಣೆಯಲ್ಲಿ ಎರಡು ಸಲ ಮಾಡಿ ಕೈಬಿಟ್ಟಳು. "ಯಾಕ್ರೀ ಈಗ ಅದು?" ಎಂದಳು. ಆಗ ಎಲ್ಲ ಹೇಳಿದೆ.

ಆಕೆ ಚೀಟಿ ಓದಿ ಪುಸ್ತಕ ಮುಚ್ಚಿ ನನ್ನ ಕೈಗೇ ವಾಪಸು ಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ. ನಮ್ಮನ್ನೆಲ್ಲ ಯಾಕೆ ಕೇಳ್ತೀರಿ? ಹೋಗಿ ಆಕೇನೇ ಕೇಳಿ."

"ಕೇಳೋಕೆ ಮುಖ ಬೇಕಲ್ಲೇ."

"ಇರೋ ಮುಖಾನೇ ತಗೊಂಡು ಹೋಗಿ."

ಮಾರನೆಯ ದಿನ ಊಟದ ಹೊತ್ತಿಗೆ ಅಂಗಡಿಗೆ ಹೋದೆ. ಆಕೆಯ ತಮ್ಮ ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ಊಟದ ಡಬ್ಬಿ ಬಿಚ್ಚುತ್ತಿದ್ದ. ಅಕ್ಕ ಕಿಟಕಿಯ ಪಕ್ಕ, ಮೊಟಕು ಕುರ್ಚಿಯಲ್ಲಿ. ನೆಲದ ಮೇಲೆ ಬಳಪದ ನಾಲ್ಕು ಚೌಕ ಅರ್ಧ ಅಳಿಸಿಹೋಗಿ ಇನ್ನೂ ಕಾಣುತ್ತಿತ್ತು. ನಾನು ಪುಸ್ತಕ ತೆರೆದು ಚೀಟಿ ತೋರಿಸಿದೆ. ಆಕೆ ಕನ್ನಡಕ ಏರಿಸಿ ತುಟಿ ಅಲ್ಲಾಡಿಸುತ್ತಾ ಓದಿದಳು. ಮತ್ತೊಂದು ಸಲ ಓದಿದಳು.

"ಅಂದ್ರೆ?" ಎಂದಳು.

"ಅಂದ್ರೆ ನಿಮ್ಮದು ಸರಿಯಿತ್ತು ಅಕ್ಕ. ಪುಸ್ತಕ ತಪ್ಪಿತ್ತು. ನಾನು ತಪ್ಪು."

"ಅಜ್ಜಿ ಕುಂಟ್ತಿರ್ಲಿಲ್ಲ."

"ಇಲ್ಲ."

ಆಕೆ ತಮ್ಮನ ಕಡೆ ತಿರುಗಿದಳು. "ಕೇಳಿಸ್ತೇನೋ? ಅಜ್ಜಿ ಕುಂಟ್ತಿರ್ಲಿಲ್ವಂತೆ. ನಾನು ನಿಮ್ಗೆಲ್ಲ ಹೇಳ್ಕೊಂಡು ನಕ್ಕಿದ್ದೆ."

ಕನ್ನಡಕ ತೆಗೆದಿಟ್ಟು ಎದ್ದಳು. ನಾನು ಕೇಳುವ ಮೊದಲೇ ಎದ್ದಳು. ಹೊಲಿಗೆ ಯಂತ್ರಕ್ಕೂ ಮೇಜಿಗೂ ನಡುವೆ ಒಬ್ಬರು ಕುಣಿಯುವಷ್ಟು ಜಾಗವಿತ್ತು. ಬಾಯಲ್ಲೇ ರಾಗ ಹೇಳುತ್ತಾ ಶುರು ಮಾಡಿದಳು. ಒಂದು, ಎರಡು, ಮೂರು, ನಾಲ್ಕು, ದಾಟಿಬಿಟ್ಟಳು. ನಿಂತು ನನ್ನನ್ನು ನೋಡಿದಳು. ಮತ್ತೆ ಹಿಂದಕ್ಕೆ ಹೋಗಿ ಶುರು ಮಾಡಿದಳು. ನಾಲ್ಕು, ದಾಟಿದಳು. ಮೂರನೆಯ ಸಲ ನಾಲ್ಕಾದ ಮೇಲೆ ಬಲವಂತವಾಗಿ ನಿಂತಳು. ಆದರೆ ನಿಂತ ಕಾಲಿಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ. ತೂಕ ಯಾವ ಕಾಲಿನ ಮೇಲಿತ್ತು ಎಂದು ಎಡಕ್ಕೆ ವಾಲಿ ನೋಡಿದಳು, ಬಲಕ್ಕೆ ವಾಲಿ ನೋಡಿದಳು. ತಮ್ಮ ಊಟದ ಡಬ್ಬಿ ಮುಚ್ಚಿ ಬಂದು ಕೈ ಕೊಟ್ಟ. ಅವನ ಕೈ ಹಿಡಿದು, ಇನ್ನೊಂದು ಕೈಯಿಂದ ಮೇಜಿನ ಅಂಚು ಹಿಡಿದುಕೊಂಡು, ಕಣ್ಣು ಮುಚ್ಚಿ, ಅಜ್ಜಿಯ ಹಾಗೆ ಇನ್ನೊಂದು ಸಲ ಮಾಡಿದಳು.

ನಾಲ್ಕು ಹೆಜ್ಜೆ ಇಟ್ಟು ದಾಟಿದಳು. ನನ್ನ ಚೌಕಗಳು ಆಕೆಯ ಕಾಲೊಳಗೆ ಅಷ್ಟು ಆಳವಾಗಿ ಕೂತಿದ್ದವು.

"ಬರ್ತಿಲ್ಲ ಮೇಷ್ಟ್ರೇ" ಎಂದಳು.

"ನಿಧಾನವಾಗಿ ಬರುತ್ತೆ ಅಕ್ಕ. ಒಂದು ದಿನ ಒಲೆ ಮುಂದೆ ನಿಂತಾಗ ತಾನಾಗೇ ಬರುತ್ತೆ."

"ಒಲೆ ಮುಂದೇನೂ ನಾಲ್ಕೇ ಕುಣೀತಿದ್ದೀನಿ, ಒಂದು ವರ್ಷದಿಂದ. ನೀವೇ ಹೇಳಿದ್ರಲ್ಲ, ಮನೇಲೂ ಅಭ್ಯಾಸ ಮಾಡಿ ಅಂತ."

ಕುರ್ಚಿಯಲ್ಲಿ ಕೂತು ಕೋಟನ್ನು ತೊಡೆಯ ಮೇಲೆಳೆದುಕೊಂಡಳು. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ತೂರಲಿಲ್ಲ, ಪಕ್ಕಕ್ಕಿಟ್ಟಳು. ನಾನು ಕ್ಷಮಿಸಿ ಎಂದೆ. ಆಕೆ ನನ್ನ ಮುಖ ನೋಡಲಿಲ್ಲ, ಪುಸ್ತಕದ ರಟ್ಟು ನೋಡುತ್ತಿದ್ದಳು.

"ನಿಮ್ಮ ಪುಸ್ತಕದ ಹಾಳೆ ಹರಿದುಹೋದ್ರೆ ಇನ್ನೊಂದು ಪುಸ್ತಕ ಸಿಕ್ತು" ಎಂದಳು. "ನನ್ನ ಹತ್ರ ಇದ್ದಿದ್ದು ಅದೊಂದೇ."

ಸಿಟ್ಟಿನಿಂದ ಹೇಳಲಿಲ್ಲ. ದಾರ ಮುಗಿಯಿತು ಎನ್ನುವ ಹಾಗೆ ಹೇಳಿದಳು. ತಮ್ಮ ನನಗೆ ಒಂದು ಲೋಟ ನೀರು ಕೊಟ್ಟ. ಕುಡಿದು ಬಂದೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಭಾವ ಸಮಾಧಾನ ಹೇಳಿದರು. ಫಲ ಬೇಕೆಂದು ಯಾರೂ ಚಿಂತಿಸುವುದಿಲ್ಲ, ಚಿಂತೆ ಬರುತ್ತದೆ ಅಷ್ಟೆ.

ಆಕೆ ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಎರಡು ಶನಿವಾರ ಬರಲಿಲ್ಲ. ಮೂರನೆಯದಕ್ಕೆ ಬಂದಳು, ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತಳು. ನಾನು ಎಲ್ಲರೆದುರು ಚೀಟಿ ಓದಿದೆ, ನಾನು ಮಾಡಿದ್ದನ್ನೂ ಹೇಳಿದೆ. ಯಾರೂ ಬೆರಳು ಸುತ್ತಲಿಲ್ಲ. ಗಡಿಯಾರದವರು ಕೆಳಗೆ ನೋಡುತ್ತಾ ನಿಂತರು. ಆಮೇಲೆ ಭಾವ ಮೊದಲ ಸಲ ಬಾಗಿಲ ಕುಣಿತದ ರಾಗವನ್ನು ಒಂದೂ ಎಣಿಕೆ ಬಿಡದೆ ಪೂರ್ತಿ ನುಡಿಸಿದರು. ಮೂರನೆಯ ಸುತ್ತಿನಲ್ಲಿ ಪ್ರತಿ ಜೋಡಿಯೂ ಬಾಗಿಲ ಬಾಯಲ್ಲಿ ಆ ಒಂದು ಎಣಿಕೆಯಷ್ಟು ಹೊತ್ತು ಸುಮ್ಮನೆ ನಿಂತು ಆಮೇಲೆ ದಾಟಿತು. ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ಯಾರಿಗೂ ಡಿಕ್ಕಿಯಾಗಲಿಲ್ಲ. ಎಲ್ಲರೂ ನಿಂತರೆ ಸಾಲು ಕಲಸಿಹೋಗುವುದಿಲ್ಲ ಎಂದು ಆವತ್ತು ಕಂಡೆ. ಮೊದಲ ದಿನ ನಾವೆಲ್ಲ ಆಕೆಯ ಜೊತೆ ನಿಂತಿದ್ದರೆ ಸಾಕಾಗಿತ್ತು.

ಈಗಲೂ ಹಾಗೆಯೇ ನಡೆಯುತ್ತಿದೆ. ಈ ವರ್ಷದ ಸಮಾರಂಭದಲ್ಲೂ ಹಾಗೆಯೇ ಕುಣಿದೆವು. ಕಾಜಾ ಅಕ್ಕ ಒಂದೊಂದು ದಿನ ಆ ಎಣಿಕೆಯಲ್ಲಿ ಭುಜವನ್ನು ಸ್ವಲ್ಪ ತಿರುಗಿಸಿ ನೋಡುತ್ತಾಳೆ, ಪಾದವನ್ನು ಹಿಂದಕ್ಕೆ ಸರಿಸಿ ನೋಡುತ್ತಾಳೆ, ತಲೆಯಾಡಿಸಿ ದಾಟುತ್ತಾಳೆ. ಪ್ರತಿ ಸಲವೂ ನಾನು ನೋಡುತ್ತೇನೆ. ಈಗ ಎಲ್ಲ ಬಿಟ್ಟು ಅದೊಂದನ್ನೇ ನೋಡುತ್ತೇನೆ.

ಮೊನ್ನೆ ಹೊಸದಾಗಿ ಸೇರಿದ ಶಾಲೆಯ ಟೀಚರೊಬ್ಬರು, ಅಲ್ಲಿ ಯಾಕೆ ನಿಲ್ಲಬೇಕು, ನಿಂತು ಏನು ಮಾಡಬೇಕು ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕ ಹೇಳಿದಳು:

"ಅಲ್ಲೊಂದು ಹೆಜ್ಜೆ ಇತ್ತಮ್ಮ, ನಮ್ಮಜ್ಜೀದು. ಸುಮ್ನೆ ನಿಂತ್ಕೊಳ್ಳಿ."

ಟೀಚರು ಆಕೆಯ ಜೊತೆ ನಿಂತರು. ನಾನೂ ನಿಂತೆ.